ಕಳಿಸಿದವನು ಹೇಳಿದ ಉದ್ದ

ಪುಣೆಯ ಹಿಂಜೆವಾಡಿಯಲ್ಲಿ ಬೆಳಗಾವಿ, ಧಾರವಾಡದ ಹುಡುಗರು ಸಂಜೆ ಚಹಾಕ್ಕೆ ಸೇರಿದರೆ ಈ ಗೊಣಗಾಟ ಇದ್ದೇ ಇರುತ್ತದೆ: "ಸರ್ವರ್ ಮತ್ತ ಬಿತ್ತು ನೋಡಪಾ, ಫ್ರೀ ಒಳಗ ಕ್ರ್ಯಾಶ್ ಆಗೇತಿ." ಫ್ರೀ ಅಂದರೆ ಬಳಸಿ ಮುಗಿದ ಮೆಮೊರಿ ಬ್ಲಾಕನ್ನು ವಾಪಸ್ ಕೊಡುವ ಸಿ ಭಾಷೆಯ ಫಂಕ್ಷನ್. ಪಾಪ, ಅದರದ್ದೇನೂ ತಪ್ಪಿರುವುದಿಲ್ಲ. ಯಾವುದೋ ಮೆಸೇಜ್ ತನಗಾಗಿ ಇಟ್ಟ ಮೆಮೊರಿ ಜಾಗವನ್ನು, ಅಂದರೆ ಬಫರನ್ನು, ದಾಟಿ ಬರೆದು ಪಕ್ಕದ ಬ್ಲಾಕಿನ ಲೆಕ್ಕ ಕೆಡಿಸಿರುತ್ತದೆ. ಅದು ಬಯಲಾಗುವುದು ಎಷ್ಟೋ ಹೊತ್ತಿನ ಮೇಲೆ, ಇನ್ಯಾರದೋ ಕೋಡಿನಲ್ಲಿ.

ಈ ರೋಗ ಹಳೆಯದು. 1988ರ ನವೆಂಬರ್‌ನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡಿದ ಮೋರಿಸ್ ವರ್ಮ್‌ಗೆ ಸಿಕ್ಕ ದಾರಿಗಳಲ್ಲಿ ಒಂದು ಫಿಂಗರ್ ಸರ್ವರ್, ಅಂದರೆ ಆ ಯಂತ್ರದ ಬಳಕೆದಾರರ ವಿವರ ಕೊಡುವ ಪ್ರೋಗ್ರಾಮ್. ಅದು ಸಿ ಭಾಷೆಯ ಗೆಟ್ಸ್ ಫಂಕ್ಷನ್ನಿನಿಂದ 512 ಬೈಟಿನ ಬಫರಿಗೆ ಸಾಲು ಓದುತ್ತಿತ್ತು. ವರ್ಮ್ ಕಳಿಸಿದ್ದು 536 ಬೈಟ್. ಬಫರ್ ಎಷ್ಟು ದೊಡ್ಡದು ಅಂತ ಗೆಟ್ಸ್‌ಗೆ ಹೇಳಲು ದಾರಿಯೇ ಇರಲಿಲ್ಲ. ಇಷ್ಟಾದ ಮೇಲೂ ಅದನ್ನು ಸಿ ಸ್ಟ್ಯಾಂಡರ್ಡಿನಿಂದ ಕಿತ್ತುಹಾಕಿದ್ದು 2011ರಲ್ಲಿ!

ಅಷ್ಟರಲ್ಲಿ ಮೆಸೇಜ್‌ಗಳು ತಮ್ಮ ಉದ್ದವನ್ನು ತಾವೇ ಹೇಳಿಕೊಂಡು ಬರುವುದು ರೂಢಿಯಾಗಿತ್ತು. ನೆಟ್‌ವರ್ಕಿನಲ್ಲಿ ಡೇಟಾ ಸಾಗಿಸುವ ಟಿಸಿಪಿಯಲ್ಲಿ ಬರುವುದು ಸುಮ್ನೆ ಬೈಟುಗಳ ಹರಿವು, ಒಂದು ಮೆಸೇಜ್ ಎಲ್ಲಿ ಮುಗಿಯಿತು ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮುಂದೆ ಉದ್ದ ಬರೆದು ಕಳಿಸುತ್ತಾರೆ. ತೊಂದರೆ ಇರುವುದು ಆ ಸಂಖ್ಯೆಯನ್ನು ನಂಬುವುದರಲ್ಲಿ. 2014ರ ಏಪ್ರಿಲ್‌ನಲ್ಲಿ ಹೊರಬಿದ್ದ ಹಾರ್ಟ್‌ಬ್ಲೀಡ್ ಇದೇ. ವೆಬ್ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ನಾಲ್ಕೇ ಬೈಟ್ ಕಳಿಸಿ "ಇದು 64 ಕಿಲೋಬೈಟ್, ವಾಪಸ್ ಕೊಡು" ಅಂದರೆ, ಉಳಿದದ್ದನ್ನು ಅದು ತನ್ನ ಮೆಮೊರಿಯಿಂದಲೇ ತುಂಬಿ ಕೊಡುತ್ತಿತ್ತು. ಪಾಸ್‌ವರ್ಡ್, ಕೀ, ಏನಿದ್ದರೆ ಅದು. 2012ರ ಮಾರ್ಚ್‌ನಿಂದಲೂ ಈ ತಪ್ಪು ಅಲ್ಲಿತ್ತು. ಸಾಮಾನ್ಯವಾಗಿ ಸರ್ವರ್ ಬೀಳುತ್ತಿರಲಿಲ್ಲ, ಹೀಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನನ್ನ ಪ್ರಕಾರ ಇದಕ್ಕಿಂತ ಸರ್ವರನ್ನು ಕ್ರ್ಯಾಶ್ ಮಾಡುವ ಬಗ್ (ಕೋಡಿನ ತಪ್ಪು) ವಾಸಿ.

ಇಂಥ ಮೆಮೊರಿ ತಪ್ಪುಗಳನ್ನು ಹುಡುಕುವ ಸಲಕರಣೆಗಳು ಮಾತ್ರ ಜಾಸ್ತಿ ಸುಧಾರಿಸಿವೆ. 2002ರಲ್ಲಿ ಬಂದ ವ್ಯಾಲ್‌ಗ್ರೈಂಡ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಪ್ರೋಗ್ರಾಮ್ ಇಪ್ಪತ್ತು ಮೂವತ್ತು ಪಟ್ಟು ನಿಧಾನವಾಗಬಹುದು. ಆಗ ಟೈಮ್‌ಔಟ್ ಆಗಿ ಕನೆಕ್ಷನ್ ಹೋಗುತ್ತದೆ, ಬಗ್ ತಲೆಮರೆಸಿಕೊಳ್ಳುತ್ತದೆ. ಹತ್ತು ವರ್ಷದ ನಂತರ ಗೂಗಲ್‌ನವರು ಹೊರತಂದ ಅಡ್ರೆಸ್‌ಸ್ಯಾನಿಟೈಜರ್‌ನಲ್ಲಿ ನಿಧಾನ ಸುಮಾರು ಎರಡು ಪಟ್ಟು ಅಷ್ಟೇ. ಗಡಿ ದಾಟಿದ ಸಾಲನ್ನೇ ತೋರಿಸುತ್ತದೆ, ಆ ಬ್ಲಾಕ್ ಎಲ್ಲಿ ಅಲೊಕೇಟ್ ಆಗಿತ್ತು ಅನ್ನುವುದನ್ನೂ.

ಆದರೂ ಪರೀಕ್ಷೆಯಲ್ಲಿ ಕೆಟ್ಟ ಮೆಸೇಜ್ ಬರದಿದ್ದರೆ ಅದೂ ಸುಮ್ಮನಿರುತ್ತದೆ. ಚಹಾದ ಗುಂಪಿನ ಹಿರಿಯರೊಬ್ಬರು ಕೋಡ್ ರಿವ್ಯೂನಲ್ಲಿ ಮೊದಲು ನೋಡುವುದು ಒಂದೇ ಸಾಲು: ಮೆಸೇಜ್ ಹೇಳಿದ ಉದ್ದಕ್ಕೆ, ಆ ಉದ್ದವನ್ನು ಬರೆದ ಹೆಡರಿನ 4 ಬೈಟ್ ಕೂಡಿಸಿ, ಬಂದ ಬೈಟುಗಳ ಜತೆ ಹೋಲಿಸುವ ಸಾಲು. 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4294967295; ಅದಕ್ಕೆ 4 ಕೂಡಿಸಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಿ ಬರುವುದು 3, ಬಂದ ಬೈಟುಗಳಿಗಿಂತ ಕಡಿಮೆ. ಚೆಕ್ ಪಾಸ್! "ಕೂಡಸಬ್ಯಾಡ್ರಿ, ಕಳೀರಿ" ಅನ್ನುತ್ತಾರೆ ಅವರು. ಕನಿಷ್ಠ 4 ಬೈಟ್ ಬಂದಿದೆಯಾ ನೋಡಿ, ಬಂದದ್ದರಿಂದ 4 ಕಳೆದು, ಉಳಿದದ್ದರ ಜತೆ ಉದ್ದ ಹೋಲಿಸಬೇಕು.