ಅದೇ ಹಾಡು, ಬೇರೆ ಮಾಸ್ಟರ್: ಜಾನ್ ಪ್ರೈನ್ ತಮ್ಮ ಹಳೆಯ ಹಾಡುಗಳನ್ನು ಮತ್ತೆ ಹಾಡಿದ ಹಿನ್ನೆಲೆ

ಅಮೆರಿಕದ ಕಂಟ್ರಿ-ಫೋಕ್ ಗಾಯಕ ಜಾನ್ ಪ್ರೈನ್ 2000ದಲ್ಲಿ ತಂದ ‘ಸೂವೆನಿರ್ಸ್’ ಆಲ್ಬಂನಲ್ಲಿ 15 ಹಾಡುಗಳಿವೆ. ಹೊಸದು ಒಂದೂ ಇಲ್ಲ. ಆರು ಹಾಡು 1971ರ ಚೊಚ್ಚಲ ಆಲ್ಬಂನವು, ಎರಡು 1972ರವು, ನಾಲ್ಕು 1973ರವು. ಈ ಹನ್ನೆರಡನ್ನೂ ಮೊದಲು ಹೊರತಂದದ್ದು ಅಟ್ಲಾಂಟಿಕ್ ಕಂಪನಿ. 1978 ಮತ್ತು 1980ರ ತಲಾ ಒಂದು ಹಾಡು ಅಸೈಲಮ್ ಕಂಪನಿಯ ಕಾಲದ್ದು. ಉಳಿದ ಒಂದೇ ಒಂದು ಹಾಡು, 1984ರದು, ಪ್ರೈನ್ ಅವರದೇ ‘ಓ ಬಾಯ್’ ಲೇಬಲ್‌ನಲ್ಲಿ, ಅಂದರೆ ಅವರದೇ ರೆಕಾರ್ಡ್ ಕಂಪನಿಯಲ್ಲಿ, ಬಂದಿತ್ತು. ಅಂದರೆ 15ರಲ್ಲಿ 14 ಹಾಡುಗಳ ಮೂಲ ರೆಕಾರ್ಡಿಂಗ್ ಬೇರೆಯವರ ಕಂಪನಿಗೆ ಮಾಡಿಕೊಟ್ಟದ್ದು. ಹಳೆಯ ಹಾಡನ್ನು ಮತ್ತೆ ಹಾಡುವುದು ನೆನಪಿನ ಖುಷಿಗಷ್ಟೇ ಅಲ್ಲ ಅನ್ನುವುದಕ್ಕೆ ಈ ಲೆಕ್ಕವೇ ಸಾಕು.

ಒಂದು ಹಾಡಿನ ಮೇಲೆ ಎರಡು ಬಗೆಯ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಧಾಟಿಯದು ಒಂದು. ಅದು ಬರೆದವರದು ಅಥವಾ ಅವರ ಪ್ರಕಾಶಕರದು. ಸ್ಟುಡಿಯೋದಲ್ಲಿ ಟೇಪಿನ ಮೇಲೆ ಕೂತ ಆ ನಿರ್ದಿಷ್ಟ ಧ್ವನಿಯದು ಇನ್ನೊಂದು, ಅದೇ ಮಾಸ್ಟರ್. ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಬಳ ಕೊಟ್ಟ ಲೇಬಲ್ ಸಾಮಾನ್ಯವಾಗಿ ಮಾಸ್ಟರನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ. ಆ ಖರ್ಚು ಗಾಯಕರ ರಾಯಲ್ಟಿಯಲ್ಲಿ ಮುರಿದುಕೊಂಡು ತೀರಿದ ಮೇಲೂ ಮಾಸ್ಟರ್ ಲೇಬಲ್‌ನದೇ. ಸಿನಿಮಾದಲ್ಲೋ ಜಾಹೀರಾತಿನಲ್ಲೋ ಹಾಡು ಬಳಸಬೇಕಾದರೆ ಎರಡೂ ಕಡೆ ಒಪ್ಪಿಗೆ ಬೇಕು. ಎರಡರಲ್ಲಿ ಒಂದು ಕಡೆ ಬೇಡ ಅಂದರೂ ಕೆಲಸ ನಿಂತಿತು.

ಇದರಿಂದ ಹೊರಬರುವ ದಾರಿ ಅಮೆರಿಕದ ಕಾಪಿರೈಟ್ ಕಾನೂನಿನಲ್ಲೇ ಇದೆ. ಅದರ 114ನೇ ಸೆಕ್ಷನ್ ಪ್ರಕಾರ ಮಾಸ್ಟರಿನ ಒಡೆಯರಿಗೆ ಹಕ್ಕಿರುವುದು ಆ ಟೇಪಿನಲ್ಲಿರುವ ಧ್ವನಿಯ ಮೇಲೆ ಮಾತ್ರ. ಬೇರೆಯಾಗಿ ಹೊಸದಾಗಿ ಹಾಡಿ ನುಡಿಸಿದ್ದು ಹಳೆಯದರಂತೆಯೇ ಕೇಳಿಸಿದರೂ ಅದಕ್ಕೆ ತಡೆಯಿಲ್ಲ. ಆದರೆ ಹಳೆಯ ಟೇಪಿನಿಂದ ಒಂದು ತಾಳದಷ್ಟು ಡ್ರಮ್ಮನ್ನೂ ಕತ್ತರಿಸಿ ಅಂಟಿಸುವಂತಿಲ್ಲ. ಎಲ್ಲವನ್ನೂ ಮೊದಲಿನಿಂದ ನುಡಿಸಬೇಕು.

ಲೇಬಲ್‌ಗಳಿಗೂ ಇದು ಗೊತ್ತು. ಅದಕ್ಕೇ ಕರಾರಿನಲ್ಲಿ ‘ಮತ್ತೆ ರೆಕಾರ್ಡ್ ಮಾಡಬಾರದು’ ಅನ್ನುವ ಷರತ್ತು ಇರುತ್ತದೆ. ಬಹುಕಾಲ ನಡೆದು ಬಂದ ಲೆಕ್ಕ ಹೀಗೆ: ಹಾಡು ಬಿಡುಗಡೆಯಾಗಿ 5 ವರ್ಷ ಅಥವಾ ಕರಾರು ಮುಗಿದು 2 ವರ್ಷ, ಯಾವುದು ತಡವೋ ಅದು. ಕಂಟ್ರಿ ಗಾಯಕ ಜಾನಿ ಕ್ಯಾಶ್ ‘ಸನ್’ ಕಂಪನಿಯಲ್ಲಿ ಹಾಡಿದ್ದ ಕೆಲವನ್ನು ಕೊಲಂಬಿಯಾ ಕಂಪನಿಗೆ 1964ರಲ್ಲಿ ಮತ್ತೆ ಹಾಡಿದರು. 1988ರಲ್ಲಿ ಮರ್ಕ್ಯುರಿ ಕಂಪನಿಗಾಗಿ 20 ಹಳೆಯ ಹಾಡುಗಳನ್ನು ಇನ್ನೊಮ್ಮೆ. ಕಂಟ್ರಿ ಸಂಗೀತದಲ್ಲಿ ಇದು ಹಳೆಯ ಪದ್ಧತಿ. ಆದರೆ ಕ್ಯಾಶ್ ಹೊಸದಾಗಿ ಹಾಡಿದ ಮಾಸ್ಟರುಗಳೂ ಇನ್ನೊಂದು ಕಂಪನಿಯ ಕೈಗೇ ಹೋದವು. ಪ್ರೈನ್ ‘ಸೂವೆನಿರ್ಸ್’ ಮಾಡಿದ್ದು ತಮ್ಮದೇ ‘ಓ ಬಾಯ್’ಗೆ. ಎರಡಕ್ಕೂ ಇರುವ ಅಂತರ ಸಣ್ಣದಲ್ಲ.

ಪ್ರೈನ್ ಇಲಿನಾಯ್‌ನ ಮೇವುಡ್ ಊರಿನವರು, ಅಂಚೆ ಹಂಚುತ್ತಿದ್ದವರು. ಷಿಕಾಗೋದ ಪುಟ್ಟ ಕ್ಲಬ್ಬುಗಳಲ್ಲಿ ಒಂದು ಗಿಟಾರ್ ಹಿಡಿದು ಹಾಡುತ್ತಿದ್ದಾಗ ಕಂಟ್ರಿ ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್ ಕೇಳಿದರು. ಅಟ್ಲಾಂಟಿಕ್ ಕರಾರು ಅದರ ಬೆನ್ನಿಗೇ ಬಂತು. ಮೊದಲ ಆಲ್ಬಂನ ಬಹುಪಾಲು ಮೆಂಫಿಸ್‌ನ ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ, ಆರಿಫ್ ಮಾರ್ಡಿನ್ ನಿರ್ಮಾಣದಲ್ಲಿ, ಅಲ್ಲಿನ ಕಾಯಂ ವಾದ್ಯದವರ ಜೊತೆ ಆಯಿತು. ಒಬ್ಬರೇ ಹಾಡಿ ಅಭ್ಯಾಸವಾದ ಹುಡುಗ ಪಳಗಿದ ಬ್ಯಾಂಡಿನ ನಡುವೆ ಕೂತು ಹಾಡಿದ್ದು ಆ ರೆಕಾರ್ಡಿಂಗ್‌ನಲ್ಲಿ ಕೇಳಿಸುತ್ತದೆ: ದನಿ ಮೂಗಿನಲ್ಲಿ, ಬಿಗಿಯಾಗಿ, ತಾಳಕ್ಕೆ ಅಂಟಿಕೊಂಡು ನಿಂತಿದೆ. ಆ ಬಿಗಿಯೂ ಚೆಂದವೇ. ಆದರೆ ಅದು ಅವರ ಪೂರ್ತಿ ದನಿಯಲ್ಲ.

1998ರಲ್ಲಿ ಕುತ್ತಿಗೆಯ ಬಲಭಾಗದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಆದ ಮೇಲೆ ದನಿ ತಗ್ಗಿತು, ಒರಟಾಯಿತು. ಹಳೆಯ ಹಾಡುಗಳನ್ನು ಹಳೆಯ ಶ್ರುತಿಯಲ್ಲಿ ಹಾಡುವುದು ಇನ್ನು ಆಗದು.

ಗಿಟಾರ್ ಹಿಡಿದು ಹಾಡುವವರಿಗೆ ಶ್ರುತಿ ಇಳಿಸುವುದು ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗೆ ಕೈಯಿಟ್ಟಷ್ಟು ಸುಲಭವಲ್ಲ. ಪ್ರೈನ್ ಅವರ ಬೆರಳಾಟದಲ್ಲಿ ಹೆಬ್ಬೆರಳು ಕೆಳಸ್ವರದ ಎರಡು ತಂತಿಗಳ ನಡುವೆ ಒಂದು ಬಿಟ್ಟು ಒಂದು ತೂಗುತ್ತದೆ, ಉಳಿದ ಬೆರಳು ಮೇಲಿನ ತಂತಿಗಳಲ್ಲಿ ಧಾಟಿ ಹಿಡಿಯುತ್ತವೆ. ಎರಡನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತುವ ಕ್ಲಿಪ್, ಹಾಕಿ ಸಿ ಸ್ವರಮೇಳಕ್ಕೆ ಬೆರಳಿಡುವ ಆಕಾರದಲ್ಲಿ ನುಡಿಸಿದರೆ ಶ್ರುತಿ ಡಿ. ಕೇಪೋ ತೆಗೆದರೆ ಸಿ. ಕೈಯ ಆಕಾರ ಕೆಡುವುದಿಲ್ಲ. ಇನ್ನೂ ಇಳಿಸಬೇಕೆಂದರೆ ದಾರಿ ಎರಡೇ. ತಂತಿಗಳನ್ನೇ ಅರ್ಧ ಅಥವಾ ಒಂದು ಸ್ವರ ಸಡಿಲಿಸಬಹುದು. ಆಗ ತಂತಿ ಫ್ರೆಟ್‌ಗೆ ತಾಗಿ ಗಿರಗುಟ್ಟುತ್ತದೆ, ಒತ್ತಿದಲ್ಲಿ ಸ್ವರ ಏರುತ್ತದೆ, ದಪ್ಪ ತಂತಿ ಹಾಕಿದರಷ್ಟೇ ಸರಿಹೋಗುತ್ತದೆ. ಇಲ್ಲವೇ ಸಿ ಬಿಟ್ಟು ಜಿ ಅಥವಾ ಇ ಆಕಾರಕ್ಕೆ ಹೋಗಬಹುದು. ಆಗ ಹೆಬ್ಬೆರಳಿನ ತಂತಿಗಳೇ ಬದಲಾಗಿ, ಹಾಡಿನ ನಡುವೆ ಬರುವ ಗಿಟಾರ್ ತುಣುಕುಗಳನ್ನು ಹೊಸದಾಗಿ ಕಟ್ಟಬೇಕು. ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ನಲ್ಲಿ ಇನ್ನೊಂದು ತೊಡಕು: ತಗ್ಗಿದ ದನಿಯೂ ಗಿಟಾರಿನ ಕೆಳತಂತಿಗಳೂ ಒಂದೇ ಜಾಗಕ್ಕೆ ಬಂದು ಪದಗಳು ಮಸುಕಾಗುತ್ತವೆ. ವಾದ್ಯಗಳನ್ನು ಕಡಿಮೆ ಮಾಡಿ ದನಿಗೆ ಜಾಗ ಬಿಡುವುದೇ ಇದಕ್ಕೆ ಮದ್ದು.

ಇಷ್ಟೆಲ್ಲ ತೊಡಕಿನ ಫಲ ಏನು ಅಂತ ತಿಳಿಯಲು ‘ಹಲೋ ಇನ್ ದೇರ್’ ಒಂದನ್ನೇ ಎರಡು ಸಲ ಕೇಳಿ. ಮಕ್ಕಳು ದೂರಾದ ವೃದ್ಧ ದಂಪತಿಯ ಹಾಡು ಅದು. ಬರೆದಾಗ ಪ್ರೈನ್‌ಗೆ 25 ತುಂಬಿರಲಿಲ್ಲ. 1971ರ ದನಿ ಆ ಮುದುಕರನ್ನು ಹೊರಗಿನಿಂದ, ಮರುಕದಿಂದ ನೋಡುತ್ತದೆ. 2000ದ ದನಿ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದೆ. ಸಾಲಿನ ಕೊನೆಯ ಪದವನ್ನು ಎಳೆಯದೆ, ಮಾತಿನಂತೆ ಬಿಟ್ಟುಬಿಡುತ್ತದೆ. ಈ ಒಂದು ಹಾಡಿನಲ್ಲಿ ಹೊಸದೇ ಮೇಲು. ‘ಸ್ಯಾಮ್ ಸ್ಟೋನ್’ ವಿಷಯದಲ್ಲಿ ಹಾಗೆ ಹೇಳಲಾಗದು: ಹಳೆಯದರ ಆರ್ಗನ್ ಹಿಡಿದ ಚರ್ಚಿನ ಗಾಳಿ ಹೊಸದಕ್ಕೆ ದಕ್ಕಿಲ್ಲ.

ಇನ್ನು ದುಡ್ಡಿನ ಮಾತು. 2000ದಲ್ಲಿ ಅಮೆರಿಕದಲ್ಲಿ ಐದು ನಿಮಿಷದೊಳಗಿನ ಹಾಡಿನ ಒಂದು ಪ್ರತಿಗೆ ರಚನೆಯ ಹಕ್ಕುದಾರರಿಗೆ ಸಲ್ಲಬೇಕಾದ ಶಾಸನಬದ್ಧ ರಾಯಲ್ಟಿ 7.55 ಸೆಂಟ್. 15 ಹಾಡಿಗೆ, ಪೂರ್ತಿ ದರದಲ್ಲಿ, ಸಿಡಿಯೊಂದಕ್ಕೆ 1 ಡಾಲರ್ 13 ಸೆಂಟ್. ಮತ್ತೆ ಹಾಡಿದ ಮಾತ್ರಕ್ಕೆ ಈ ಬಾಬ್ತು ತಪ್ಪುವುದಿಲ್ಲ. ಉಳಿಯುವುದು ಮಾಸ್ಟರಿನ ಪಾಲು, ಮತ್ತು ಸಿನಿಮಾದವರು ಬಂದಾಗ ಸ್ವತಃ ‘ಹೂಂ’ ಅನ್ನುವ ಅಧಿಕಾರ. ಹಳೆಯ ಮಾಸ್ಟರೇನೂ ಸಾಯುವುದಿಲ್ಲ. 1972ರ ಫೆಬ್ರುವರಿ 15ಕ್ಕೆ ಮುಂಚಿನ ರೆಕಾರ್ಡಿಂಗ್‌ಗಳಿಗೆ 2018ರ ಕಾಯ್ದೆ ಕೇಂದ್ರ ಕಾನೂನಿನ ರಕ್ಷಣೆ ಕೊಟ್ಟಿತು. 1971ರ ಆ ಆಲ್ಬಂ ಮೇಲಿನ ಹಕ್ಕು 2067ರ ಫೆಬ್ರುವರಿ 15ರವರೆಗೂ ಇರುತ್ತದೆ.

2021ರಿಂದ ಟೇಲರ್ ಸ್ವಿಫ್ಟ್ ಇದೇ ದಾರಿ ಹಿಡಿದು ಅಪಾರ ಗೆದ್ದ ಮೇಲೆ ಲೇಬಲ್‌ಗಳು ಎಚ್ಚೆತ್ತಿವೆ. ಹೊಸ ಕರಾರುಗಳಲ್ಲಿ 10, 15, ಕೆಲವೆಡೆ 30 ವರ್ಷದವರೆಗೆ ಮತ್ತೆ ಹಾಡಬಾರದೆಂಬ ಷರತ್ತು ಕೇಳುತ್ತಿವೆ. 24ನೇ ವಯಸ್ಸಿನಲ್ಲಿ 30 ವರ್ಷದ ಷರತ್ತಿಗೆ ಸಹಿ ಹಾಕಿದ ಗಾಯಕಿಗೆ ಆ ಬಾಗಿಲು ತೆರೆಯುವಾಗ 54. ಸಹಿಗೆ ಮುನ್ನ ವಕೀಲರ ಬಳಿ ಮೊದಲು ಓದಿಸಬೇಕಾದ ಸಾಲು ಇದೇ.

ಪ್ರೈನ್ 2020ರ ಏಪ್ರಿಲ್ 7ರಂದು ಕೋವಿಡ್‌ನಿಂದ ತೀರಿಕೊಂಡರು. ‘ಓ ಬಾಯ್’ ಈಗಲೂ ನಡೆಯುತ್ತಿದೆ. ಆ್ಯಪ್‌ಗಳಲ್ಲಿ ಅವರ ಹಾಡು ಹುಡುಕಿದರೆ ಒಂದೇ ಹೆಸರು ಎರಡೆರಡು ಸಲ ಬರುತ್ತದೆ. ಒತ್ತುವ ಮುನ್ನ ಆಲ್ಬಂ ಹೆಸರು ನೋಡಿಕೊಳ್ಳಿ.