ತೋಟದಲ್ಲಿ ಬೋರರ್ ಹತ್ತು ಪರ್ಸೆಂಟೋ, ಜಾಸ್ತಿಯೋ?

'ನಮ್ಮಲ್ಲಿ ಬೋರರ್ ನೂರಕ್ಕೆ ಹತ್ತು ಗಿಡಕ್ಕಿಂತ ಜಾಸ್ತಿ ಇಲ್ಲ.' ಸೋಮವಾರಪೇಟೆ ಕಡೆಯ ಅರೇಬಿಕಾ ಕಾಫಿ ಬೆಳೆಗಾರರು ಕಾಂಡ ಕೊರೆಯುವ ಹುಳು (ಬೋರರ್) ಬಗ್ಗೆ ಹೀಗಂದಾಗ ನಾನು ಮೊದಲು ಕೇಳುವುದು: ಯಾವ ಗಿಡ ನೋಡಿ ಹೇಳ್ತಿದ್ದೀರಿ?

ಟ್ರೇಸಿಂಗಿಗೆ (ಹುಳು ಬಿದ್ದ ಗಿಡ ಹುಡುಕಿ ಕೀಳುವ ಕೆಲಸಕ್ಕೆ) ಎಷ್ಟು ಆಳು ಬೇಕು, ಕಿತ್ತ ಜಾಗಕ್ಕೆ ಎಷ್ಟು ಸಸಿ ಬೇಕು ಎಂದು ಮೊದಲೇ ತಿಳಿಯಲು ಸ್ಯಾಂಪಲ್ ಸರ್ವೆ ಸಾಕು. ಆದರೆ ಹೇಳಿಕೆಯನ್ನು ಎಣಿಕೆಗೆ ಮುಂಚೆಯೇ ಬರೆದಿಡಿ. ಊಹೆ: ಬೋರರ್ ಶೇ. 10. ಎದುರು ಊಹೆ: ಅದಕ್ಕಿಂತ ಜಾಸ್ತಿ. ಅಂಕಿ ಕಂಡ ಮೇಲೆ ಊಹೆ ಬದಲಾಯಿಸಿದರೆ ಪರೀಕ್ಷೆಗೆ ಬೆಲೆಯಿಲ್ಲ.

400 ಗಿಡಗಳಲ್ಲಿ 52ಕ್ಕೆ ಬೋರರ್ ಇತ್ತು ಅಂತಿಟ್ಟುಕೊಳ್ಳಿ. ಅಂದರೆ ಶೇ. 13. ಇದು ಸುಮ್ನೆ ಅದೃಷ್ಟದ ಏರುಪೇರೇ? 0.1ನ್ನು 0.9ರಿಂದ ಗುಣಿಸಿ, 400ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.015. ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಸಹಜವಾಗಿ ಬರುವ ಏರುಪೇರಿನ ಅಳತೆ ಇದು. ನಮ್ಮ ವ್ಯತ್ಯಾಸ 0.03, ಅಂದರೆ ಅದರ ಎರಡು ಪಟ್ಟು. ಬೋರರ್ ನಿಜಕ್ಕೂ ಶೇ. 10 ಇದ್ದರೆ, 52 ಅಥವಾ ಅದಕ್ಕಿಂತ ಜಾಸ್ತಿ ಗಿಡ ಸಿಗುವುದು ನೂರಕ್ಕೆ ಎರಡು-ಮೂರು ಸಲ ಮಾತ್ರ. ಹಾಗಾಗಿ ಹತ್ತು ಎಂಬ ಮಾತನ್ನು ಬಿಡಬೇಕಾಗುತ್ತದೆ. ಅದೇ 100 ಗಿಡಗಳಲ್ಲಿ 13 ಸಿಕ್ಕಿದ್ದರೆ? ಶೇಕಡಾವಾರು ಒಂದೇ, ಆದರೆ ಏರುಪೇರಿನ ಅಳತೆ 0.03 ಆಗುತ್ತದೆ, ವ್ಯತ್ಯಾಸ ಅದರ ಒಂದು ಪಟ್ಟು ಮಾತ್ರ. ಹತ್ತು ಸುಳ್ಳು ಎನ್ನಲು ಅಷ್ಟು ಸಾಲದು. ಹತ್ತೇ ನಿಜ ಅಂತಲೂ ಅದರಿಂದ ಸಾಬೀತಾಗುವುದಿಲ್ಲ.

ಲೆಕ್ಕ ಸುಲಭ. ಕಷ್ಟ ಇರುವುದು ಗಿಡ ಆರಿಸುವಲ್ಲಿ. ಈ ಹುಳುವಿಗೆ ಬಿಸಿಲು ಬೀಳುವ ಗಿಡ ಇಷ್ಟ. ಜೀಪ್ ದಾರಿಯ ಅಂಚಿನ ಸಾಲುಗಳನ್ನೇ ನೋಡುತ್ತಾ ಹೋದರೆ, ಅಲ್ಲಿ ನೆರಳು ಕಡಿಮೆ, ಸಂಖ್ಯೆ ಏರುತ್ತದೆ. ದಟ್ಟ ನೆರಳಿನ ಕಡೆ ಮಾತ್ರ ನೋಡಿದರೆ ಇಳಿಯುತ್ತದೆ. ಇನ್ನೊಂದು, ನೋಡುವ ಕಣ್ಣು. ಕಾಂಡದ ಮೇಲೆ ಉಬ್ಬಿದ ಗೆರೆ ಹುಡುಕಬೇಕು. ಹಳದಿ ಎಲೆ ಮಾತ್ರ ನೋಡುವವರಿಗೆ ಹೊಸದಾಗಿ ಹುಳು ಬಿದ್ದ ಗಿಡ ತಪ್ಪಿಹೋಗುತ್ತದೆ. ಎಷ್ಟು ಸಾವಿರ ಗಿಡ ಎಣಿಸಿದರೂ ಈ ತಪ್ಪು ಸರಿಹೋಗದು.

ಬೋರರ್ ಗುಂಪಾಗಿ ಬರುವುದೂ ಉಂಟು. ಒಂದೇ ಜಾಗದ ಐವತ್ತು ಗಿಡ ಬೇರೆ ಬೇರೆ ಕಡೆಯ ಐವತ್ತರಷ್ಟು ಸುದ್ದಿ ಕೊಡುವುದಿಲ್ಲ ಅಲ್ವಾ? ತೋಟವನ್ನು ಬ್ಲಾಕುಗಳಾಗಿ ಮಾಡಿ, ಚೀಟಿ ಎತ್ತಿ ಕೆಲವನ್ನು ಆರಿಸಿ, ಆರಿಸಿದ ಪ್ರತಿ ಬ್ಲಾಕಿನಲ್ಲೂ ಸ್ವಲ್ಪ ಗಿಡ ನೋಡಿ. ಏರುಪೇರನ್ನು ಬ್ಲಾಕುಗಳ ನಡುವಿನ ವ್ಯತ್ಯಾಸದಿಂದಲೇ ಲೆಕ್ಕ ಹಾಕಿ. ಆಗ 0.015 ಅನ್ನುವುದು 0.02 ಆಗಲೂಬಹುದು, ಎರಡು ಪಟ್ಟು ಒಂದೂವರೆಗೆ ಇಳಿಯಬಹುದು. ಹತ್ತು ನಿಜವಿದ್ದೂ ಸುಳ್ಳೆನ್ನುವ ತಪ್ಪು ನೂರಕ್ಕೆ ಐದು ಸಲ ಮೀರಬಾರದು ಎಂದಾದರೆ (ಶೇ. 5ರ ಗಡಿ), ಈ ಪಟ್ಟು 1.645 ದಾಟಬೇಕು. ದಾಟದಿದ್ದರೆ ಇನ್ನಷ್ಟು ಬ್ಲಾಕು ನೋಡಿಯೇ ತೀರ್ಮಾನಿಸಿ.