ನೀವು ಉಪವಾಸ ಕೂತರೆ ಗೆಡ್ಡೆ ಕೂರುವುದಿಲ್ಲ

ಕೀಮೋಗೆ ಬರುವವರ ತೂಕ ನೋಡುವುದು, ಊಟ-ತಿಂಡಿ ವಿಚಾರಿಸುವುದು ನನ್ನ ಕೆಲಸ. ಈಚೆಗೆ ಫೈಲಿನ ಜೊತೆ ಮೊಬೈಲನ್ನೂ ಮುಂದೆ ಹಿಡಿಯುತ್ತಾರೆ. ಅದೇ ವಿಡಿಯೊ. ಕ್ಯಾನ್ಸರ್‌ಗೆ ಸಕ್ಕರೆಯೇ ಆಹಾರ, ಹೊಟ್ಟೆಗೆ ಏನೂ ಹಾಕದಿದ್ದರೆ ತಾನೇ ಸಾಯುತ್ತದೆ, ಇದನ್ನು ಕಂಡುಹಿಡಿದ ಜಪಾನಿನವರಿಗೆ ನೊಬೆಲ್ ಬಂದಿದೆ.

ನೊಬೆಲ್ ಬಂದದ್ದು ನಿಜ. 2016ರಲ್ಲಿ, ಯೊಶಿನೊರಿ ಒಸುಮಿ ಅವರಿಗೆ. ಹಸಿದ ಕೋಶ ತನ್ನೊಳಗಿನ ಹಳೇ ಸಾಮಾನನ್ನೇ ಒಡೆದು ಬಳಸಿಕೊಳ್ಳುವ ಆಟೊಫೇಜಿ ಹೇಗೆ ನಡೆಯುತ್ತದೆ ಅಂತ ಅವರು ಯೀಸ್ಟ್‌ನಲ್ಲಿ ತೋರಿಸಿದರು. ಉಪವಾಸ ಕ್ಯಾನ್ಸರ್‌ಗೆ ಮದ್ದು ಅಂತ ಅಲ್ಲ. ಬಲಿತ ಗೆಡ್ಡೆಯ ಕೋಶಗಳೂ ಇದೇ ಉಪಾಯದಿಂದ ಹಸಿವು ತಡೆದುಕೊಳ್ಳಬಲ್ಲವು. ಅದನ್ನು ವಿಡಿಯೊದವರು ಹೇಳುವುದಿಲ್ಲ.

ಗೆಡ್ಡೆ ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತದೆ ಅನ್ನುವುದು 1920ರ ದಶಕದಲ್ಲಿ ಜರ್ಮನಿಯ ಆಟೊ ವಾರ್ಬರ್ಗ್ ಕಂಡ ವಿಷಯ. ಮೈಯಲ್ಲಿ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕುವ ಪೆಟ್ ಸ್ಕ್ಯಾನ್ ನಡೆಯುವುದೇ ಅದರ ಮೇಲೆ. ಆದರೆ ನೀವು ಅನ್ನ ಬಿಟ್ಟ ಮಾತ್ರಕ್ಕೆ ರಕ್ತದ ಸಕ್ಕರೆ ಖಾಲಿಯಾಗುವುದಿಲ್ಲ. ಮಿದುಳಿಗೆ ಅದು ಬೇಕು, ದೇಹ ಸುಮ್ನೆ ಬಿಡುತ್ತದಾ? ಮೊದಲು ಲಿವರ್ ಕೂಡಿಟ್ಟದ್ದನ್ನು ತೆಗೆಯುತ್ತದೆ. ಒಂದು ದಿನದ ಆಸುಪಾಸಿನಲ್ಲಿ ಅದು ಮುಗಿಯುತ್ತದೆ. ಆಮೇಲೆ ಮಾಂಸಖಂಡ ಕರಗಿಸಿ ಅದರಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಅದರಲ್ಲಿ ಗೆಡ್ಡೆಗೂ ಪಾಲು ಸಿಗುತ್ತದೆ. ಗ್ಲುಟಮಿನ್ ಅನ್ನುವ ಪ್ರೋಟೀನಿನ ಅಂಶ, ಕೊಬ್ಬು ಬಳಸಿ ಬದುಕುವ ಗೆಡ್ಡೆಗಳೂ ಇವೆ. ಅಂದರೆ ನೀವು ಹಸಿದು ಕೂತಾಗ ಅದು ತಿನ್ನುವುದು ನಿಮ್ಮ ತೊಡೆ, ತೋಳನ್ನು. ಇಷ್ಟನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಸಂಶೋಧನೆಯೇ ಇಲ್ಲ ಅಂತಲ್ಲ. ಅಮೆರಿಕದ ವಾಲ್ಟರ್ ಲಾಂಗೊ ತಂಡ ಇಲಿಗಳಲ್ಲಿ ನೋಡಿತು. ಹಸಿವಾದಾಗ ಒಳ್ಳೇ ಕೋಶ ಬೆಳೆಯುವುದನ್ನು ನಿಲ್ಲಿಸಿ ಮುದುಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಹಾಗೆ ನಿಲ್ಲಿಸಲು ಬರುವುದಿಲ್ಲ. ಹಾಗಾಗಿ ಕೀಮೋ ಏಟು ಅದಕ್ಕೇ ಜಾಸ್ತಿ. ಆದರೆ ಇಲಿಗೆ ಎರಡು ದಿನದ ಉಪವಾಸ ಅಂದರೆ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಹೋಗುತ್ತದೆ. ನಮ್ಮ ಲೆಕ್ಕವೇ ಬೇರೆ. ನೆದರ್ಲೆಂಡ್ಸ್‌ನಲ್ಲಿ ಸ್ತನ ಕ್ಯಾನ್ಸರಿನ 131 ಮಹಿಳೆಯರ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಪೂರ್ತಿ ಉಪವಾಸವಲ್ಲ, ಕೀಮೋ ಸುತ್ತಮುತ್ತಲ ಕೆಲವು ದಿನ ತೀರಾ ಕಡಿಮೆ ಊಟ. ಸ್ಕ್ಯಾನಿನಲ್ಲಿ ಗೆಡ್ಡೆ ಸ್ವಲ್ಪ ಚೆನ್ನಾಗಿ ಕುಗ್ಗಿದಂತೆ ಕಂಡಿತು. ತೀವ್ರ ಅಡ್ಡಪರಿಣಾಮದಲ್ಲಿ ವ್ಯತ್ಯಾಸ ಇರಲಿಲ್ಲ. ಎಲ್ಲ ಸುತ್ತೂ ಆ ಪಥ್ಯ ಪಾಲಿಸಿದವರು ಐವರಲ್ಲಿ ಒಬ್ಬರು. ಆಸೆಗೆ ಜಾಗ ಇದೆ, ಆದರೆ ಮನೆಯಲ್ಲಿ ಮಾಡಿ ನೋಡುವಷ್ಟಲ್ಲ.

ನಮ್ಮಲ್ಲಿ ಒಬ್ಬ ರಿಟೈರ್ಡ್ ಟೀಚರ್ ಬರುತ್ತಿದ್ದರು. ಕೇಳಿದಾಗಲೆಲ್ಲ "ತಿಂಡಿ ಆಯ್ತು ಮೇಡಂ". ತೂಕ ಮಾತ್ರ 54ರಿಂದ 49ಕ್ಕೆ ಇಳಿದಿತ್ತು, ಒಂದು ಕೀಮೋ ಮುಂದೆ ಹೋಗಿತ್ತು. ಸೊಸೆ ಉಪ್ಪಿಟ್ಟು ಕಟ್ಟಿ ಕಳಿಸುತ್ತಿದ್ದಳು, ಡಬ್ಬಿ ಖಾಲಿಯಾಗಿ ವಾಪಸ್ ಬರುತ್ತಿತ್ತು. ಒಂದು ದಿನ ಪಕ್ಕದ ಬೆಡ್ಡಿನವರ ಮಗ ಬಂದು, "ಟೀಚರ್, ಇವತ್ತಿನ ಉಪ್ಪಿಟ್ಟು ಸ್ವಲ್ಪ ಖಾರ ಆಯ್ತು" ಅಂದ. ನಾನು ಅಲ್ಲೇ ನಿಂತಿದ್ದೆ. "ನಿಮಗೆ ಹೇಳಿದ್ರೆ ಬೈತೀರಿ ಅಂತ ಹೇಳಲಿಲ್ಲ" ಅಂದರು. ಬೈದೆ.

ಏಕಾದಶಿ, ಸಂಕಷ್ಟಿ ಬಿಡಿ ಅಂತ ನಾನು ಹೇಳುವವಳಲ್ಲ. ತೂಕ ಸರಿಯಿದ್ದು, ಶುಗರ್ ಇಲ್ಲದಿದ್ದು, ಕೀಮೋ ದಿನಕ್ಕೆ ಹತ್ತಿರ ಬಾರದಿದ್ದರೆ, ಹಾಲು ಹಣ್ಣು ತಗೊಂಡು ಒಂದು ಹೊತ್ತು ಅನ್ನ ಬಿಡಲು ಸಾಮಾನ್ಯವಾಗಿ ಡಾಕ್ಟರ್ ಒಪ್ಪುತ್ತಾರೆ. ಕೇಳಿಯೇ ಮಾಡಿ. ರಂಜಾನಿನಲ್ಲಿ ನೀರೂ ಇಲ್ಲ, ಅದು ಬೇರೆ ಮಾತು. ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಿ ನಡೆಯುತ್ತಿರುವಾಗ ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ಬಾಯಿ, ಅನ್ನನಾಳ, ಹೊಟ್ಟೆಯ ಕ್ಯಾನ್ಸರ್ ಇದ್ದು ಆಗಲೇ ತೂಕ ಇಳಿಯುತ್ತಿರುವವರಿಗೆ ಉಪವಾಸದ ಮಾತೇ ಬೇಡ.

ಕೀಮೋಗೆ ಮುಂಚೆ ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನು ಊಟದ ಮೇಲೆ ತಗೊಳ್ಳಿ ಅಂತ ಬರೆದಿರುತ್ತಾರೆ. ಖಾಲಿ ಹೊಟ್ಟೆಗೆ ನುಂಗಿದರೆ ಉರಿ ಶುರು. ಹಾಗಾಗಿ "ತಿಂಡಿ ಆಯ್ತಾ" ಅಂತ ಸಿಸ್ಟರ್ ಕೇಳಿದಾಗ ನಿಜ ಹೇಳಿ. ಆಗಿಲ್ಲ ಅಂದರೆ ಕ್ಯಾಂಟೀನಿನಿಂದ ಇಡ್ಲಿ ತರಿಸಿಕೊಡುತ್ತೇವೆ.